ಬುಗುರಿಯ ಕಾಗದದ ಹೆಸರು

ಅವನು ಕೂತದ್ದನ್ನು ಕಂಡವರು ಕಡಿಮೆ. ಊಟದ ತಟ್ಟೆ ಕೈಗೆ ಬಂದರೆ ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಉಣ್ಣುತ್ತಿದ್ದ. ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ತೂಗಾಡುತ್ತಿದ್ದ. ನೆಂಟರ ಮನೆಗೆ ಹೋದರೆ ಅವರು ಕುರ್ಚಿ ಎಳೆದು ಹಾಕುವಷ್ಟರಲ್ಲಿ ಇವನು ಅವರ ಕಿಟಕಿಯ ಸಡಿಲ ಚಿಲಕಕ್ಕೆ ಸ್ಕ್ರೂ ಬಿಗಿಯುತ್ತ ನಿಂತಿರುತ್ತಿದ್ದ. ನಾಲ್ಕು ವರ್ಷದವನಿದ್ದಾಗ ಅಕ್ಕ ಅವನಿಗೆ ಬುಗುರಿ ಎಂದು ಹೆಸರಿಟ್ಟಳು. ಐವತ್ತಮೂರು ತುಂಬಿ, ಕಿವಿಯ ಮೇಲೆ ಕೂದಲು ಬೆಳ್ಳಗಾದರೂ ಅದೇ ಹೆಸರು ಉಳಿದುಕೊಂಡಿತ್ತು. ಮನೆಯಲ್ಲಿ ಬುಗುರಿ, ಕೆಲಸದಲ್ಲಿ ಬುಗುರಿ, ಬೀದಿಯ ಕೊನೆಯ ಟೀ ಅಂಗಡಿಯಲ್ಲೂ ಬುಗುರಿ.

ಅವನ ಕೆಲಸ ಲಿಫ್ಟ್ ರಿಪೇರಿ. ಮೂವತ್ತು ವರ್ಷ ಅದನ್ನೇ ಮಾಡಿದ್ದ. ಊರಿನ ಎತ್ತರದ ಕಟ್ಟಡಗಳೆಲ್ಲ ಅವನಿಗೆ ಒಳಗಿನಿಂದ ಪರಿಚಯ: ಮೇಲ್ಛಾವಣಿಯ ಮೋಟಾರು ಕೋಣೆಯ ಎಣ್ಣೆ ವಾಸನೆ, ತಳದ ಗುಂಡಿಯಲ್ಲಿ ಬಿದ್ದಿರುವ ಬೀಗದ ಕೈ, ನಾಣ್ಯ, ಒಂಟಿ ಕಿವಿಯೋಲೆ. ಎರಡನೇ ವರ್ಷದಲ್ಲಿ ಎಡಗೈಯ ಉಂಗುರದ ಬೆರಳಿನ ತುದಿ ಉಕ್ಕಿನ ಹಗ್ಗಕ್ಕೆ ಸಿಕ್ಕಿ ಹೋಗಿತ್ತು. ಅದನ್ನು ಅವನು ಯಾರ ಮುಂದೆಯೂ ದೊಡ್ಡದು ಮಾಡಿದವನಲ್ಲ. "ಹೋಗಿದ್ದು ತುದಿ, ಬುಡ ಇದೆಯಲ್ಲ" ಎನ್ನುತ್ತಿದ್ದ.

ಕಾಗದದ ಮೇಲೆ ಮಾತ್ರ ಅವನಿಗೆ ಬೇರೆ ಹೆಸರಿತ್ತು. ಯಾಬೇಚ. ಗುರುತಿನ ಚೀಟಿಯಲ್ಲಿ, ಮದುವೆಯ ರಿಜಿಸ್ಟರಿನಲ್ಲಿ, ಆಸ್ಪತ್ರೆಯ ಫೈಲಿನಲ್ಲಿ ಅದು ಆಗೊಮ್ಮೆ ಈಗೊಮ್ಮೆ ತಲೆ ಹಾಕುತ್ತಿತ್ತು. ಕೌಂಟರಿನ ಹಿಂದಿನವರು ಎರಡು ಸಲ ಓದಿ, "ಇದೇನ್ರೀ, ಮಾತ್ರೆಯ ಹೆಸರಿದ್ದ ಹಾಗಿದೆ" ಎಂದರೆ ಇವನೂ ನಗುತ್ತಿದ್ದ. ಅದು ದೇವರ ಪುಸ್ತಕದಲ್ಲಿ ಎಲ್ಲೋ ಬರುವ ಹೆಸರು, ಅಮ್ಮ ಹುಡುಕಿ ಇಟ್ಟದ್ದು, ಇಷ್ಟು ಅವನಿಗೆ ಗೊತ್ತಿತ್ತು. ಅರ್ಥ ಕೇಳಲು ಪುರುಸೊತ್ತಾಗಿರಲಿಲ್ಲ.

ಆ ಪುರುಸೊತ್ತು ಒಂದು ಬೆಳಗ್ಗೆ ತಾನಾಗಿಯೇ ಒದಗಿಬಂತು. ಐದಂತಸ್ತಿನ ಹಳೆಯ ಕಟ್ಟಡವೊಂದರಲ್ಲಿ ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವೆ ಲಿಫ್ಟ್ ನಿಂತುಬಿಟ್ಟಿತ್ತು. ಒಳಗೆ ಒಬ್ಬರೇ ಮುದುಕರು. ಬುಗುರಿ ಜೊತೆಗಾರನನ್ನು ಮೇಲಿನ ಮೋಟಾರು ಕೋಣೆಗೆ ಕಳಿಸಿ ತಾನು ನಾಲ್ಕನೆಯ ಮಹಡಿಯ ಬಾಗಿಲ ಮುಂದೆ ನಿಂತ. ಮೇಲೆ ಬ್ರೇಕು ಸಡಿಲಿಸಿ ಕೈಯಿಂದಲೇ ಚಕ್ರ ತಿರುಗಿಸಿದರೆ ಲಿಫ್ಟು ಗೇಣು ಗೇಣಾಗಿ ಮಹಡಿಯ ಮಟ್ಟಕ್ಕೆ ಬರುತ್ತದೆ. ಆದರೆ ಅವತ್ತು ಬ್ರೇಕು ಕಚ್ಚಿಕೊಂಡಿತ್ತು, ಬಿಚ್ಚಲು ಹೊತ್ತು ಬೇಕಿತ್ತು. ಒಳಗಿನವರ ಉಸಿರಾಟ ಹೊರಗೆ ಕೇಳುತ್ತಿತ್ತು. ಇಂಥ ಹೊತ್ತಿನಲ್ಲಿ ಒಳಗಿದ್ದವರನ್ನು ಮಾತಾಡಿಸುತ್ತಲೇ ಇರಬೇಕು. ಬಾಯಿ ಆಡುತ್ತಿದ್ದರೆ ಎದೆ ಹಗುರ ಎನ್ನುವುದು ಬುಗುರಿಯ ಮೂವತ್ತು ವರ್ಷದ ಕಲಿಕೆ.

"ಸರ್, ಕೇಳ್ತಿದೆಯಾ? ಇನ್ನು ಸ್ವಲ್ಪ ಹೊತ್ತು. ಕೆಳಗೆ ಕೂತ್ಕೊಂಡ್ಬಿಡಿ, ಗೋಡೆಗೆ ಒರಗಿ."

"ಕೂತೇ ಇದ್ದೀನಪ್ಪ. ಬೀಳುತ್ತಾ ಇದು?"

"ಬೀಳಲ್ಲ ಸರ್. ಬೀಳೋ ಹಾಗಿದ್ರೆ ನಾನು ಇಷ್ಟೊತ್ತಿಗೆ ಓಡಿಹೋಗ್ತಿದ್ದೆ."

ಒಳಗಿನಿಂದ ಸಣ್ಣ ನಗೆ ಬಂತು. ಬುಗುರಿಗೆ ಅರ್ಧ ಗೆದ್ದ ಹಾಗಾಯಿತು. "ತಾವು ಏನು ಕೆಲಸದಲ್ಲಿದ್ರಿ?" ಎಂದು ಕೇಳಿದ.

"ಮೇಷ್ಟ್ರು. ನಲವತ್ತು ವರ್ಷ ಹೀಬ್ರೂ ಕಲಿಸಿದೆ. ಕಲಿಯೋಕೆ ಬರ್ತಿದ್ದವರು ವರ್ಷಕ್ಕೆ ಆರೋ ಏಳೋ ಜನ. ಈಗ ಅದೂ ಇಲ್ಲ." ಮೇಷ್ಟ್ರು ಉಸಿರೆಳೆದುಕೊಂಡರು. "ನಿಮ್ಮ ಹೆಸರೇನು?"

"ಎಲ್ಲಾ ಬುಗುರಿ ಅಂತಾರೆ."

"ಅದಲ್ಲ, ಅಪ್ಪ ಅಮ್ಮ ಇಟ್ಟಿದ್ದು."

"ಯಾಬೇಚ ಅಂತ ಸರ್."

ಒಳಗೆ ಸದ್ದಿಲ್ಲ. ಬುಗುರಿಗೆ ಗಾಬರಿಯಾಯಿತು. ಬಾಗಿಲು ಬಡಿದ. "ಸರ್? ಇದ್ದೀರಾ?"

"ಇದ್ದೀನಿ, ಇನ್ನೆಲ್ಲಿಗೆ ಹೋಗ್ಲಿ? ಈ ಹೆಸರಿನವರನ್ನ ನಾನು ಜೀವಮಾನದಲ್ಲಿ ನೋಡಿಲ್ಲ ಕಣಪ್ಪ. ಪುಸ್ತಕದಲ್ಲಿ ಮಾತ್ರ ಓದಿದ್ದು. ನಿಮ್ಮ ತಾಯಿಗೆ ನಿಮ್ಮನ್ನ ಹೆರೋವಾಗ ಬಹಳ ಕಷ್ಟ ಆಗಿತ್ತಾ?"

"ಗೊತ್ತಿಲ್ಲ ಸರ್. ಯಾಕೆ?"

"ಆ ಹೆಸರಿನ ಅರ್ಥವೇ ನೋವು. ನೋವಿನಲ್ಲಿ ಹೆತ್ತೆ ಅಂತ ಒಬ್ಬ ತಾಯಿ ಮಗನಿಗೆ ಇಟ್ಟ ಹೆಸರು ಅದು."

ಅಷ್ಟರಲ್ಲಿ ಮೇಲಿನಿಂದ ಜೊತೆಗಾರನ ಕೂಗು ಕೇಳಿಸಿತು. ಬ್ರೇಕು ಬಿಟ್ಟಿತ್ತು. ಲಿಫ್ಟು ನರಳುತ್ತ ಮೇಲೆ ಬಂತು. ಬುಗುರಿ ಮೂರು ಮೂಲೆಯ ಕೀಲಿ ತಿರುಗಿಸಿ ಬಾಗಿಲು ಸರಿಸಿದ. ತೆಳ್ಳಗಿನ ಮುದುಕರು, ಬೆವರಿಗೆ ಅಂಗಿ ಬೆನ್ನಿಗಂಟಿತ್ತು. ಅವರು ಇವನ ಮುಖವನ್ನೇ ನೋಡುತ್ತ ಏನೋ ಹೇಳಲು ಹೋದರು. ಕಾಯುತ್ತ ನಿಂತಿದ್ದ ಅವರ ಮಗಳು "ಆಮೇಲೆ ಮಾತಾಡೋರಂತೆ ಬನ್ನಿ" ಎಂದು ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಬುಗುರಿ ಕೈಯಲ್ಲಿ ಕೀಲಿ ಹಿಡಿದು ಅಲ್ಲೇ ಉಳಿದ.

ನೋವು. ಅವತ್ತಿಡೀ ಆ ಮಾತು ಚಪ್ಪಲಿಗೆ ಹೊಕ್ಕ ಕಲ್ಲಿನ ಹಾಗೆ ಅವನ ಜೊತೆ ಓಡಾಡಿತು. ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಬಟ್ಟೆ ಹಿಂಡುತ್ತಿದ್ದಳು. ಶಾಲೆಯೊಂದರಲ್ಲಿ ಪ್ರಯೋಗಾಲಯದ ಸಾಮಾನು ನೋಡಿಕೊಳ್ಳುವ ಹೆಂಗಸು, ಯಾವುದಕ್ಕೂ ಬೆಚ್ಚಿಬೀಳುವವಳಲ್ಲ.

"ನೋವು ಅಂದ್ರೆ ನೋವು. ಏನೀಗ? ನಮ್ಮ ಪಕ್ಕದ ಮನೆಯವನ ಹೆಸರು ಶಾಂತಿ ಅಂತ ಅರ್ಥ ಬರೋದು. ದಿನಾ ಬೆಳಗಾದ್ರೆ ಜಗಳ."

"ತಮಾಷೆ ಅಲ್ಲ ಕಣೇ."

"ನಾನೂ ತಮಾಷೆ ಮಾಡ್ತಿಲ್ಲ. ಇಪ್ಪತ್ತೇಳು ವರ್ಷದಿಂದ ಸಂಸಾರ ಮಾಡ್ತಿದ್ದೀನಿ. ನಿಮ್ಮಿಂದ ನೋವು ಇಲ್ಲ, ತಲೆನೋವು ಇದೆ ಅಷ್ಟೆ."

ಅವನಿಗೆ ನಗು ಬರಲಿಲ್ಲ. ಅವನ ಮನಸ್ಸು ಹಿಂದಕ್ಕೆ ಓಡುತ್ತಿತ್ತು. ಬೆರಳಿನ ತುದಿ ಹೋದದ್ದು. ಮೊದಲ ಕೆಲಸದಿಂದ ತೆಗೆದುಹಾಕಿದ್ದು. ಮಗಳು ಹುಟ್ಟುವ ಮೊದಲು ಹೋದ ಎರಡು ಬಸಿರು. ಅಪ್ಪ ಸಾಯುವ ಹಿಂದಿನ ವಾರ ತನ್ನೊಡನೆ ಆಡಿದ ಒರಟು ಮಾತು. ಹಾಗೆ ನೋಡಿದರೆ ಯಾರ ಬಾಳಿನಲ್ಲೂ ಇಷ್ಟು ಇದ್ದೇ ಇರುತ್ತದೆ, ಅದು ಅವನಿಗೂ ಗೊತ್ತಿತ್ತು. ಆದರೆ ಇವೆಲ್ಲಕ್ಕೂ ಯಾರೋ ಮೊದಲೇ ಚೀಟಿ ಅಂಟಿಸಿ ಇಟ್ಟಿದ್ದರು ಎನ್ನುವುದು ಮಾತ್ರ ಹೊಸದಾಗಿತ್ತು. ತಾನು ಕೂರಲಾರದೆ ಸುತ್ತುವುದಕ್ಕೂ ಅದೇ ಕಾರಣವೇ? ಹೆತ್ತ ತಾಯಿಯೇ ಹೆಸರಿನಲ್ಲಿ ಮುಳ್ಳು ಇಟ್ಟು ಕಳಿಸಿದ ಮೇಲೆ ಮಗ ಎಲ್ಲಿ ಕೂತಾನು?

ಭಾನುವಾರ ಮಗಳು ಬಂದಳು. ಏಳು ತಿಂಗಳು ತುಂಬಿತ್ತು. ಅಂಚೆ ಕಚೇರಿಯಲ್ಲಿ ಕೆಲಸ, ಇನ್ನೊಂದು ತಿಂಗಳು ಹೋಗುತ್ತೇನೆಂದು ಹಟ ಹಿಡಿದಿದ್ದಳು. ಸೋಫಾದಲ್ಲಿ ಕಾಲು ಚಾಚಿ ಕೂತು, "ಅಪ್ಪಾ, ನಾವು ಗಂಡ ಹೆಂಡ್ತಿ ಮಾತಾಡ್ಕೊಂಡಿದ್ದೀವಿ. ಗಂಡಾದ್ರೆ ನಿನ್ನ ಹೆಸರು" ಎಂದಳು.

"ಬುಗುರೀನಾ?" ಎಂದು ಹೆಂಡತಿ ನಕ್ಕಳು.

"ಅಲ್ಲಮ್ಮ, ಕಾಗದದ ಹೆಸರು. ಯಾರಿಗೂ ಇಲ್ಲದ ಹೆಸರು. ಅವರಿಗೂ ಇಷ್ಟ ಆಗಿದೆ."

"ಬೇಡ" ಎಂದ ಬುಗುರಿ. ಅವನ ದನಿ ತಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಆ ಹೆಸರು ಯಾರಿಗೂ ಬೇಡ. ಮುಗೀತು."

ಮಗಳು ಕಣ್ಣು ಪಿಳಿಪಿಳಿ ಬಿಟ್ಟಳು. ಅಪ್ಪ ಅವಳ ಮೇಲೆ ದನಿಯೇರಿಸಿದ ನೆನಪೇ ಅವಳಿಗಿರಲಿಲ್ಲ. ಬುಗುರಿ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಬೀದಿಯ ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ಹೋಗಿ ಬಂದ.

ಸೋಮವಾರ ರಜೆ ಹಾಕಿ ನೋಂದಣಿ ಕಚೇರಿಗೆ ಹೋದ. ಹೆಸರು ಬದಲಿಸುವುದೇ ಸರಿ ಎಂದು ರಾತ್ರಿಯೇ ತೀರ್ಮಾನಿಸಿದ್ದ. ಉದ್ದನೆಯ ಹಾಲು, ಬೆಂಚಿನ ತುಂಬ ಜನ, ಇವನು ಕಂಬಕ್ಕೆ ಒರಗಿ ನಿಂತ. ಗುಮಾಸ್ತೆ ನಡುವಯಸ್ಸಿನ ಹೆಂಗಸು. ಅರ್ಜಿಯ ನಮೂನೆ ಕೊಟ್ಟು, ತಪ್ಪಿಲ್ಲದೆ ತುಂಬಿ ಎಂದಳು. ಹಳೆಯ ಹೆಸರಿನ ಜಾಗದಲ್ಲಿ ಬರೆದ. ಹೊಸ ಹೆಸರಿನ ಜಾಗಕ್ಕೆ ಬಂದು ಪೆನ್ನು ನಿಂತಿತು.

"ಬುಗುರಿ ಅಂತ ಹಾಕಬಹುದಾ ಮೇಡಂ?"

"ಹಾಕಿ. ನಂದೇನೂ ಅಭ್ಯಂತರ ಇಲ್ಲ. ಮೊನ್ನೆ ಒಬ್ಬರು ತಮ್ಮ ನಾಯಿಯ ಹೆಸರು ಇಟ್ಕೊಂಡ್ರು." ಅವಳು ತಲೆಯೆತ್ತಲಿಲ್ಲ. "ಕಾರಣದ ಕಾಲಂ ಮಾತ್ರ ಖಾಲಿ ಬಿಡೋ ಹಾಗಿಲ್ಲ."

ಕಾರಣ. ಅಲ್ಲಿ ಮೂರು ಗೆರೆ ಇದ್ದವು. 'ಅರ್ಥ ಚೆನ್ನಾಗಿಲ್ಲ' ಎಂದು ಬರೆಯೋಣವೆಂದುಕೊಂಡ. ಆದರೆ ಅರ್ಥ ತನಗೆ ಪೂರ್ತಿ ಗೊತ್ತೇ? ಕಿಷ್ಕಿಂಧೆಯಂಥ ಲಿಫ್ಟಿನಲ್ಲಿ ಸಿಕ್ಕಿಬಿದ್ದ ಮುದುಕರೊಬ್ಬರು ಉಸಿರುಗಟ್ಟುತ್ತ ಹೇಳಿದ ಎರಡು ವಾಕ್ಯವನ್ನು ನಂಬಿಕೊಂಡು ಐವತ್ತಮೂರು ವರ್ಷದ ಹೆಸರನ್ನು ಕಿತ್ತು ಬಿಸಾಡುವುದೇ? ಯಂತ್ರದಲ್ಲಿ ಸದ್ದು ಬಂತೆಂದು ನೋಡದೆಯೇ ಭಾಗ ಬದಲಿಸುವವರನ್ನು ಕಂಡರೆ ಅವನಿಗೇ ಆಗುತ್ತಿರಲಿಲ್ಲ. ಅರ್ಜಿಯನ್ನು ಮಡಚಿ ಜೇಬಿಗಿಟ್ಟು ಅಲ್ಲಿಂದ ನೇರ ಐದಂತಸ್ತಿನ ಕಟ್ಟಡಕ್ಕೆ ಹೋದ. ಲಿಫ್ಟ್ ಹತ್ತದೆ ಮೆಟ್ಟಿಲು ಹತ್ತಿದ. ಅದೂ ಅವನ ಅಭ್ಯಾಸ.

ಮೇಷ್ಟ್ರು ಬಾಗಿಲು ತೆಗೆದು ಮುಖವೆಲ್ಲ ನಗೆಯಾದರು. "ಬನ್ನಿ ಬನ್ನಿ. ನೀವು ಬರ್ತೀರಿ ಅಂತ ಗೊತ್ತಿತ್ತು. ಅವತ್ತು ಅರ್ಧಕ್ಕೇ ಬಿಟ್ಟುಬಿಟ್ಟೆ, ನನಗೂ ನಿದ್ದೆ ಇಲ್ಲ."

ಕೋಣೆಯಲ್ಲಿ ಪುಸ್ತಕ ಬಿಟ್ಟರೆ ಕಾಲಿಡಲು ಜಾಗವಿರಲಿಲ್ಲ. ಅವರು ಕುರ್ಚಿಯ ಮೇಲಿನ ರಾಶಿ ಎತ್ತಿ ಜಾಗ ಮಾಡಿದರು. ಬುಗುರಿ ಕೂರಲಿಲ್ಲ.

"ಅದು ನಿಜವಾಗಲೂ ನೋವೇನಾ ಸರ್?"

"ಹೌದು ಮತ್ತೆ ಅಲ್ಲ." ಮೇಷ್ಟ್ರು ಕಾಗದದ ಮೇಲೆ ಎರಡು ಪದ ಬರೆದರು, ಬಲದಿಂದ ಎಡಕ್ಕೆ, ಗುದ್ದಲಿ ಕೊಡಲಿಗಳ ಹಾಗೆ ಕಾಣುವ ಅಕ್ಷರಗಳಲ್ಲಿ. "ನೋಡಿ. ನೋವು ಅನ್ನೋದಕ್ಕೆ ಆ ಭಾಷೆಯಲ್ಲಿ ಓಚೆಬ್ ಅನ್ನೋ ಹಾಗೆ ಒಂದು ಪದ. ಮೊದಲು ಚ, ಆಮೇಲೆ ಬ. ಈಗ ನಿಮ್ಮ ಹೆಸರು ಹೇಳಿ."

"ಯಾ-ಬೇ-ಚ."

"ಮೊದಲು ಯಾವುದು?"

ಬುಗುರಿ ಬೆರಳು ಮಡಚಿದ. "ಬ. ಆಮೇಲೆ ಚ."

"ಆ ತಾಯಿ ತಿರುಗಿಸಿಬಿಟ್ಟಿದ್ದಾಳೆ! ನಮ್ಮ ಮಾತಲ್ಲಿ ನೋವು ಅಂತ ಇಡೋ ಕಡೆ ವೋನು ಅಂತ ಇಟ್ಟ ಹಾಗೆ. ಹೆಸರಿಡೋಳು ನೋವು ಅಂತಲೇ ಇಟ್ಟಿಲ್ಲ. ಯಾಕೆ ಹಾಗೆ ಮಾಡಿದಳು ಅಂತ ಕೇಳಿದ್ರೆ ಓದಿದವರಲ್ಲೇ ಒಮ್ಮತ ಇಲ್ಲ. ಕೆಲವರು, ಸುಮ್ಮನೆ ಪದದ ಆಟ ಅಂತಾರೆ. ಕೆಲವರು, ನೋವು ಮಗುವಿಗೆ ಅಂಟಬಾರದು ಅಂತ ಬೇಕಂತಲೇ ಕಲಸಿದಳು ಅಂತಾರೆ. ಇನ್ನು ಕೆಲವರು, ಅದು ಅರ್ಥವೇ ಮರೆತುಹೋದ ಯಾವುದೋ ಹಳೇ ಹೆಸರು, ಕಥೆಯನ್ನ ಆಮೇಲೆ ಹೊಲಿದರು ಅಂತಾರೆ. ನನ್ನನ್ನ ಕೇಳಿದ್ರೆ..." ಅವರು ಪೆನ್ನು ಕೆಳಗಿಟ್ಟರು. "ನಲವತ್ತು ವರ್ಷ ಕಲಿಸಿದೀನಿ, ನನಗೂ ಗೊತ್ತಿಲ್ಲ."

"ಅವನಿಗೆ ಏನಾಯ್ತು ಸರ್? ಆ ಮೊದಲನೇ ಯಾಬೇಚನಿಗೆ?"

"ಬಹಳ ಏನೂ ಬರೆದಿಲ್ಲ. ಅಣ್ಣತಮ್ಮಂದಿರಿಗಿಂತ ಮರ್ಯಾದಸ್ಥ ಅಂತ ಒಂದು ಮಾತು. ದೇವರೇ, ನನ್ನ ಎಲ್ಲೆ ದೊಡ್ಡದು ಮಾಡು, ನನಗೆ ನೋವು ತಾಗದ ಹಾಗೆ ನೋಡ್ಕೋ ಅಂತ ಬೇಡಿಕೊಂಡ. ದೇವರು ಕೊಟ್ಟ. ಅಷ್ಟೆ. ಕಥೆ ಎರಡೇ ಸಾಲು." ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಆ ಎರಡು ಸಾಲು ಎಲ್ಲಿ ಬರುತ್ತೆ ಗೊತ್ತಾ? ವಂಶಾವಳಿಯ ನಡುವೆ. ಇಂಥವನು ಇಂಥವನನ್ನ ಪಡೆದ, ಅವನು ಇನ್ನೊಬ್ಬನನ್ನ ಪಡೆದ, ಹೀಗೇ ಪುಟಗಟ್ಟಲೆ. ಆಕಳಿಸಿ ಆಕಳಿಸಿ ಓದಬೇಕು. ಅದರ ಮಧ್ಯೆ ಇದ್ದಕ್ಕಿದ್ದ ಹಾಗೆ ಒಬ್ಬ ತಾಯಿ ಮಾತಾಡ್ತಾಳೆ. ಅವಳ ಹೆಸರೇನು ಅಂತ ಸಹ ಬರೆದಿಲ್ಲ, ಮಾತು ಮಾತ್ರ ಇದೆ. ನಿಮ್ಮ ತಾಯಿ ಇದನ್ನ ಹೇಗೆ ಹುಡುಕಿದರೋ. ಇದ್ದಾರಾ ಅವರು?"

"ಇದ್ದಾರೆ. ಅಕ್ಕನ ಮನೇಲಿ."

"ಮತ್ತೆ ನನ್ನ ಹತ್ರ ಏನು ಕೇಳ್ತಾ ನಿಂತಿದ್ದೀರಿ?"

ಅಕ್ಕನ ಮನೆಗೆ ಎರಡು ಬಸ್ಸು. ಬುಗುರಿ ಒಂದು ಬಸ್ಸು ಹತ್ತಿ, ಎರಡನೆಯದಕ್ಕೆ ಕಾಯಲಾರದೆ ನಡೆದೇ ಹೋದ. ಅಮ್ಮನಿಗೆ ಎಂಬತ್ತೊಂದು. ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವಳು. ಕೈ ಸುಮ್ಮನಿದ್ದರೆ ಆಗದು. ಅಕ್ಕ ಅವಳ ಮುಂದೆ ಒಗೆದ ಬಟ್ಟೆಯ ಬುಟ್ಟಿ ಇಟ್ಟಿರುತ್ತಿದ್ದಳು, ಅವಳು ಮಡಚುತ್ತಿದ್ದಳು. ಬಟ್ಟೆ ಮುಗಿದರೆ ಅಕ್ಕ ಕದ್ದು ಒಂದಿಷ್ಟು ಬಿಚ್ಚಿ ಮತ್ತೆ ಬುಟ್ಟಿಗೆ ಹಾಕುತ್ತಿದ್ದಳು. ಅಮ್ಮನಿಗೆ ಅದು ಗೊತ್ತಿತ್ತು, ಗೊತ್ತಿಲ್ಲದ ಹಾಗಿದ್ದಳು.

"ಅಪರೂಪಕ್ಕೆ ಕೆಲಸದ ದಿನ ಬಂದಿದ್ದೀಯ. ಕೆಲಸ ಬಿಡಿಸಿದರೇನೋ?" ಎಂದಳು ಅಕ್ಕ.

ಬುಗುರಿ ಕಿಟಕಿಯ ಹತ್ತಿರ ಹೋದ, ಬಾಗಿಲಿಗೆ ಬಂದ, ಮತ್ತೆ ಕಿಟಕಿಗೆ ಹೋದ. "ಅಮ್ಮಾ, ನನಗೆ ಯಾಕೆ ಆ ಹೆಸರಿಟ್ಟೆ?"

ಅಮ್ಮನ ಕೈಯಲ್ಲಿ ತಲೆದಿಂಬಿನ ಚೀಲವಿತ್ತು. ಮೂಲೆಗೆ ಮೂಲೆ ಸೇರಿಸುತ್ತಿದ್ದವಳು ಅರೆಗಳಿಗೆ ತಡೆದು ಮತ್ತೆ ಮಡಚಿದಳು. "ಯಾರು ಹೇಳಿದರು ನಿನಗೆ?"

"ಯಾರೋ ಹೇಳಿದರು. ನೋವು ಅಂತೆ. ನಿಜಾನಾ? ಗೊತ್ತಿದ್ದೇ ಇಟ್ಟೆಯಾ?"

"ಗೊತ್ತಿತ್ತು."

ಅಕ್ಕ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತಳು. ಅಮ್ಮ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿದಳು. "ಕೂತ್ಕೋ" ಎಂದಳು ಮಗನಿಗೆ. ಅವನು ಮಂಚದ ಅಂಚಿಗೆ ಅರ್ಧ ಆತುಕೊಂಡ.

"ಇವಳು ಹುಟ್ಟಿದ್ದು ಅಂಗಡಿಗೆ ಹೋಗಿ ಬಂದಷ್ಟು ಸಲೀಸು. ನೀನು ಮೂರು ದಿನ. ಹೊಟ್ಟೆಯಲ್ಲೂ ನಿಂತಲ್ಲಿ ನಿಲ್ಲಲಿಲ್ಲ ಕಣೋ ನೀನು. ಬೆಳಗ್ಗೆ ನೋಡಿದವರು ತಲೆ ಕೆಳಗಿದೆ ಅಂತಾರೆ, ಸಂಜೆ ಬಂದವರು ಅಡ್ಡ ತಿರುಗಿದೆ ಅಂತಾರೆ. ಕೈ ಹಾಕಿ ಹೊರಗಿನಿಂದ ತಿರುಗಿಸೋರು, ನೀನು ಮತ್ತೆ ತಿರುಗೋನು. ನಾನು ಕೂಗಿದರೆ ಒಬ್ಬ ನರ್ಸು, ಲೋಕದಲ್ಲಿ ನೀನೊಬ್ಬಳೇ ಹೆರ್ತಿರೋದಾ ಅಂದಳು. ನಾನು ಕೆಲಸ ಮಾಡೋ ಆಸ್ಪತ್ರೆನೇ. ಅವಳ ಕೋಟು ನಾನೇ ಇಸ್ತ್ರಿ ಮಾಡಿದ್ದು."

ಅಮ್ಮ ನಕ್ಕಳು. ಬುಗುರಿಗೆ ನಗು ಬರಲಿಲ್ಲ.

"ಎರಡನೇ ದಿನ ನಾನು ಸತ್ತೆ ಅಂದ್ಕೊಂಡೆ. ಮೂರನೇ ದಿನ ಸತ್ತರೆ ಸಾಕು ಅಂದ್ಕೊಂಡೆ. ಆಮೇಲೆ ನೀನು ಬಂದೆ, ನೀಲಿ ಬಣ್ಣಕ್ಕೆ ತಿರುಗಿದ್ದೆ, ತಟ್ಟಿ ತಟ್ಟಿ ಅಳಿಸಿದರು. ಮನೆಗೆ ಬಂದೆ. ನಿಮ್ಮಪ್ಪ ಬಂದವರಿಗೆಲ್ಲ ಗಂಡುಮಗು, ಮೂರೂವರೆ ಕೆಜಿ ಅಂತ ಹೇಳಿದರು. ನಿಮ್ಮಜ್ಜಿ, ಮೂಗು ನಮ್ಮ ಕಡೆಯದು ಅಂದರು. ನಿಮ್ಮ ದೊಡ್ಡಪ್ಪ ತೂಗಿ ನೋಡಿದರು. ಮನೆ ತುಂಬ ಜನ. ಒಬ್ಬರಾದರೂ, ನಿನಗೆ ಹೇಗಾಯ್ತು ಅಂತ ಕೇಳಲಿಲ್ಲ. ಒಬ್ಬರೂ. ನಾನು ಬಾಯಿ ತೆಗೆದರೆ, ಆಯ್ತಲ್ಲ ಮುಗೀತಲ್ಲ, ಮುಖ ನೋಡಿದ ಮೇಲೆ ಮರೆತುಹೋಗುತ್ತೆ ಅನ್ನೋರು. ನನಗೆ ಮರೆಯಲಿಲ್ಲ."

"ಅಮ್ಮಾ, ಇದನ್ನ ನನಗೂ ಹೇಳಿಲ್ವಲ್ಲ" ಎಂದಳು ಅಕ್ಕ.

"ನೀನು ಕೇಳಿದೆಯಾ? ನಿನಗಾಗ ಆರು ವರ್ಷ. ನಿನಗೇ ಹೆರಿಗೆ ಆಗೋ ಕಾಲಕ್ಕೆ ಹೇಳಿದರೆ ಹೆದರ್ತೀಯ ಅಂತ ಸುಮ್ಮನಾದೆ." ಅಮ್ಮ ಮಗನ ಕಡೆ ತಿರುಗಿದಳು. "ಬಾಣಂತನದಲ್ಲಿ ಮಲಗಿದ ಕಡೆಯೇ ದೇವರ ಪುಸ್ತಕ ಓದ್ತಿದ್ದೆ. ಓದೋಕೆ ಬೇರೆ ಏನೂ ಇರಲಿಲ್ಲ. ಬರೀ ಹೆಸರು, ಅಪ್ಪಂದಿರ ಹೆಸರು. ಕಣ್ಣು ಎಳೀತಿತ್ತು. ಅಲ್ಲಿ ನೋಡಿದರೆ ಒಬ್ಬಳು ಎದ್ದು ನಿಂತು ಹೇಳಿಬಿಟ್ಟಿದ್ದಾಳೆ! ನನಗೆ ನೋವಾಯ್ತು ಅಂತ. ಬರೆದೂ ಇಟ್ಟಿದ್ದಾರೆ. ನನಗೆ ಅಳು ಬಂತು ಕಣೋ. ನನ್ನ ಕೈ ಹಿಡ್ಕೊಂಡ ಹಾಗಾಯ್ತು."

ಹೆಸರಿಡುವ ದಿನ ಪ್ರಾರ್ಥನೆಯ ಮನೆಯಲ್ಲಿ ಪಾದ್ರಿ ಅಪ್ಪನನ್ನು ಕೇಳಿದರಂತೆ, ಏನು ಹೆಸರು ಎಂದು. ಅಜ್ಜನ ಹೆಸರು ಇಡಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಪ್ಪ ಬಾಯಿ ತೆರೆಯುವ ಮೊದಲೇ ಅಮ್ಮ ಹಿಂದಿನಿಂದ, ಯಾಬೇಚ ಎಂದಳಂತೆ. ಪಾದ್ರಿ, "ಅರ್ಥ ಗೊತ್ತೇನಮ್ಮ?" ಎಂದರು. ಗೊತ್ತು ಎಂದಳು. "ಬೇರೆ ಒಳ್ಳೆಯ ಹೆಸರಿಡಬಹುದಲ್ಲ?" ಅದಕ್ಕೆ ಅಮ್ಮ, "ಅದು ಕೆಟ್ಟ ಹೆಸರಾಗಿದ್ದರೆ ಅವರು ಪುಸ್ತಕದಲ್ಲಿ ಯಾಕೆ ಬರೆದರು?" ಎಂದಳು. ಪಾದ್ರಿ ನೀರು ಚಿಮುಕಿಸಿ ಅದೇ ಹೆಸರು ಕರೆದರು. ಅಪ್ಪ ಒಂದು ತಿಂಗಳು ಅಮ್ಮನೊಡನೆ ಮಾತು ಬಿಟ್ಟ. ಅಜ್ಜಿ ಸಾಯುವ ತನಕ ಆ ಹೆಸರನ್ನು ನಾಲಗೆಗೆ ತರಲಿಲ್ಲ.

ಬುಗುರಿ ಎದ್ದುಬಿಟ್ಟಿದ್ದ. "ನಿನ್ನನ್ನ ಯಾರೂ ಕೇಳಲಿಲ್ಲ, ಒಪ್ಪಿದೆ. ಅದಕ್ಕೆ ನನ್ನ ಮೇಲೆ ಬರೆಯೋದಾ? ನಾನೇನು ಗೋಡೆನಾ? ಆ ಮೂರು ದಿನ ನಾನು ಬೇಕಂತ ತಿರುಗಿದ್ದಾ?"

ಅಕ್ಕ, "ಬುಗುರಿ..." ಎಂದು ತಡೆಯಲು ಬಂದಳು. ಅಮ್ಮ ಕೈಯೆತ್ತಿ ಅವಳನ್ನು ನಿಲ್ಲಿಸಿದಳು.

"ತಪ್ಪೇ ಇರಬಹುದು. ನನಗಾಗ ಇಪ್ಪತ್ತೆಂಟು. ಬರೆಯೋಕೆ ಬೇರೆ ಜಾಗ ಇರಲಿಲ್ಲ ಮಗಾ. ಆದರೆ ಒಂದು ಯೋಚನೆ ಮಾಡು. ಬರೆಸಿದೆ, ಹೌದು. ಒಂದು ದಿನವಾದರೂ ಆ ಹೆಸರಿಂದ ನಿನ್ನ ಕರೆದಿದ್ದೀನಾ?"

ಅವನು ಯೋಚಿಸಿದ. ಮಗಾ. ಕಂದಾ. ಬುಗುರಿ. ಲೇ ಕಳ್ಳ. ಊಟಕ್ಕೆ ಬಾರೋ. ಐವತ್ತಮೂರು ವರ್ಷದಲ್ಲಿ ಅಮ್ಮನ ಬಾಯಲ್ಲಿ ಆ ಮೂರಕ್ಷರ ಕೇಳಿದ ನೆನಪು ಅವನಿಗೆ ಎಲ್ಲೂ ಸಿಗಲಿಲ್ಲ.

"ಇಟ್ಟ ವಾರಕ್ಕೇ ಕರೆಯೋಕೆ ಹೋದೆ. ನೀನು ನನ್ನ ನೋಡಿ ನಕ್ಕೆ. ಬಾಯಿಗೆ ಬರಲಿಲ್ಲ. ಕಾಗದದಲ್ಲಿ ಇರಲಿ ಬಿಡು ಅಂದ್ಕೊಂಡೆ."

ಬುಗುರಿಗೆ ಆಗ ಮೇಷ್ಟ್ರು ಬರೆದದ್ದು ನೆನಪಾಯಿತು. ಅಮ್ಮನ ಪಕ್ಕ ಬಂದು, ಹಾಸಿಗೆಯ ಮೇಲೆ ಬೆರಳಿನಿಂದ ಗೀರಿ ತೋರಿಸಿದ. ಇದು ಚ, ಇದು ಬ. ನೋವು ಹೀಗೆ. ಆ ತಾಯಿ ಇಟ್ಟದ್ದು ಹೀಗೆ. ತಿರುಗಿಸಿ ಇಟ್ಟಳಂತೆ, ಮಗನಿಗೆ ಅಂಟದೆ ಇರಲಿ ಅಂತ ಇರಬಹುದಂತೆ, ಯಾರಿಗೂ ಸರಿಯಾಗಿ ಗೊತ್ತಿಲ್ಲವಂತೆ.

ಅಮ್ಮ ಬಹಳ ಹೊತ್ತು ಆ ಹಾಸಿಗೆಯನ್ನೇ ನೋಡಿದಳು, ಅಲ್ಲಿ ಏನೋ ಬರೆದಿದೆ ಎನ್ನುವ ಹಾಗೆ. "ಹೌದಾ?" ಎಂದಳು. "ನನಗೆ ಯಾರೂ ಹೇಳಲಿಲ್ಲ ಕಣೋ. ನಾನು ನೇರವಾಗಿ ನೋವು ಅಂತಲೇ ಇಟ್ಟುಬಿಟ್ಟೆ ಅಂತ ಇಷ್ಟು ವರ್ಷ..." ಸೆರಗಿನಿಂದ ಮೂಗು ಒರೆಸಿಕೊಂಡು, "ಅವಳು ನನಗಿಂತ ಜಾಣೆ" ಎಂದಳು.

ಅವತ್ತು ಸಂಜೆಯ ತನಕ ಬುಗುರಿ ಅಲ್ಲೇ ಇದ್ದ. ಅಮ್ಮ ಮೂರು ದಿನದ ಕಥೆಯನ್ನು ಮೊದಲಿನಿಂದ ಹೇಳಿದಳು, ಒಂದು ಗಂಟೆಯನ್ನೂ ಬಿಡದೆ. ಯಾವ ಕೋಣೆ, ಯಾವ ಮಂಚ, ಕಿಟಕಿಯಲ್ಲಿ ಕೂತ ಪಾರಿವಾಳ, ಎರಡನೆಯ ದಿನ ಮುಚ್ಚಿ ತಂದ ಹಾಲು ಒಡೆದುಹೋಗಿದ್ದದ್ದು. ಅವನು ಕೇಳುತ್ತ ಹತ್ತು ಸಲ ಎದ್ದ, ಹತ್ತು ಸಲ ಅವಳು ಕೈಹಿಡಿದು ಕೂರಿಸಿದಳು. ಹೊರಡುವಾಗ ಅವನ ಎದೆ ಹಗುರವಾಗಿತ್ತು ಎಂದರೆ ಸುಳ್ಳಾದೀತು. ಕಲ್ಲು ಚಪ್ಪಲಿಯೊಳಗೇ ಇತ್ತು, ಯಾರ ಕಲ್ಲು ಎನ್ನುವುದು ಮಾತ್ರ ಈಗ ಗೊತ್ತಿತ್ತು. ದಾರಿಯಲ್ಲಿ ಮಗಳಿಗೆ ಫೋನು ಮಾಡಿ, "ಅವತ್ತು ಕೂಗಾಡಿದ್ದು ತಪ್ಪಾಯ್ತು" ಎಂದ. ಅವಳು ಕಾರಣ ಕೇಳಿದಳು. ಬಸ್ಸಿಗೆ ಕಾಯುತ್ತ ಅಷ್ಟನ್ನೂ ಹೇಳಿದ. ಬಸ್ಸು ಬಂದು ಹೋಯಿತು. ಮತ್ತೊಂದು ಬಂತು. ಆ ಕಡೆ ಮಗಳು ಕೇಳುತ್ತಲೇ ಇದ್ದಳು.

ಹೆಸರು ಬದಲಿಸುವ ಅರ್ಜಿ ಪ್ಯಾಂಟಿನ ಜೇಬಿನಲ್ಲೇ ಉಳಿದು ಹೆಂಡತಿಯ ಕೈಯಲ್ಲಿ ಒಗೆತಕ್ಕೆ ಬಿತ್ತು, ಉಂಡೆಯಾಗಿ ಹೊರಬಂತು. ಇನ್ನೊಂದು ತರಲು ಅವನು ಹೋಗಲಿಲ್ಲ. ಬೇಕೆಂದು ಬಿಟ್ಟನೋ, ಕೆಲಸದ ಗಡಿಬಿಡಿಯಲ್ಲಿ ಮರೆತನೋ, ಕೇಳಿದರೆ ಅವನು ಎರಡನ್ನೂ ಹೇಳುತ್ತಿದ್ದ.

ಎರಡು ತಿಂಗಳ ಮೇಲೆ ಮಗಳಿಗೆ ನೋವು ಕಾಣಿಸಿತು. ಹತ್ತೊಂಬತ್ತು ಗಂಟೆ ಹಿಡಿಯಿತು. ಬುಗುರಿ ಆಸ್ಪತ್ರೆಯ ಮೊಗಸಾಲೆಯಲ್ಲಿ ನಡೆದು ನಡೆದು ಅಲ್ಲಿನ ಕಾವಲುಗಾರನಿಗೂ ತಲೆ ತಿರುಗುವ ಹಾಗೆ ಮಾಡಿದ. ಮಧ್ಯಾಹ್ನ ಹನ್ನೆರಡೂಕಾಲಿಗೆ ಹೆಣ್ಣುಮಗು ಎಂದು ಬಂದು ಹೇಳಿದರು. ಅಳಿಯ ತಲೆ ಕೆರೆದುಕೊಂಡು, "ಮಾವ, ನಾವು ಗಂಡಿನ ಹೆಸರೊಂದೇ ಯೋಚನೆ ಮಾಡಿದ್ದು" ಎಂದ. "ಒಳ್ಳೇದಾಯ್ತು, ಪುರುಸೊತ್ತಿನಲ್ಲಿ ಯೋಚನೆ ಮಾಡಿ" ಎಂದ ಬುಗುರಿ.

ಕೋಣೆಯಲ್ಲಿ ಎಲ್ಲರೂ ತೊಟ್ಟಿಲ ಸುತ್ತ ಮುಗಿಬಿದ್ದಿದ್ದರು. ಮೂಗು ಯಾರದ್ದು, ಕಿವಿ ಯಾರದ್ದು ಎಂಬ ಹಂಚಿಕೆ ಜೋರಾಗಿ ನಡೆದಿತ್ತು. ಹೆಂಡತಿ ಹಣೆಯನ್ನು ತನ್ನ ಕಡೆಗೆ ಬರೆದುಕೊಂಡಿದ್ದಳು. ಬುಗುರಿ ಒಮ್ಮೆ ಮಗುವನ್ನು ನೋಡಿದ, ಕಣ್ಣು ಮಂಜಾಯಿತು. ಆಮೇಲೆ ಅವರನ್ನು ದಾಟಿ ಮಂಚದ ಇನ್ನೊಂದು ಬದಿಗೆ ಬಂದ. ಮಗಳ ತುಟಿ ಒಡೆದಿತ್ತು. ಕಣ್ಣಿನ ಸುತ್ತ ಕೆಂಪು ಚುಕ್ಕೆಗಳು. ಯಾರೂ ಆ ಕಡೆ ಇರಲಿಲ್ಲ.

"ಹೇಗಾಯ್ತಮ್ಮ ನಿನಗೆ?" ಎಂದ. "ಮೊದಲಿಂದ ಹೇಳು."

"ಅಯ್ಯೋ, ಅವಳನ್ನ ಮಲಗೋಕೆ ಬಿಡ್ರೀ" ಎಂದಳು ಹೆಂಡತಿ ತೊಟ್ಟಿಲಿನಿಂದ ತಲೆಯೆತ್ತಿ.

"ಬೇಡಮ್ಮ, ಇರಲಿ" ಎಂದಳು ಮಗಳು. ಅಪ್ಪನ ಕೈ ಹಿಡಿದುಕೊಂಡಳು, ತುದಿಯಿಲ್ಲದ ಬೆರಳೂ ಸೇರಿ. ನಿನ್ನೆ ಸಂಜೆ ಐದು ಗಂಟೆಗೆ ಸೊಂಟದಲ್ಲಿ ಹಿಡಿದ ಮೊದಲ ಎಳೆಯಿಂದ ಶುರುಮಾಡಿದಳು. ಆಟೋದ ಕುಲುಕಾಟ, ಗೋಡೆಯ ಮೇಲಿನ ಗಡಿಯಾರ, ತಾನು ಡಾಕ್ಟರಿಗೆ ಬೈದದ್ದು, ಯಾವ ಮಾತಿನಿಂದ ಬೈದೆ ಎನ್ನುವುದು. ಬುಗುರಿಯ ಕಾಲು ಒಂದರಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಲೇ ಇತ್ತು. ಅವನ ಜೇಬಿನಲ್ಲಿ ಫೋನು ಎರಡು ಸಲ ಮೊಳಗಿ ತಾನೇ ಸುಮ್ಮನಾಯಿತು. ಮಗಳು ಬೆಳಗಿನ ಜಾವಕ್ಕೆ ಬಂದಿದ್ದಳು, ಆಗ ಏನಾಯಿತೆಂದರೆ ಅಪ್ಪಾ ಎಂದು ಹೇಳುತ್ತ ಹೇಳುತ್ತ ವಾಕ್ಯದ ನಡುವೆಯೇ ನಿದ್ದೆ ಹೋದಳು. ಬುಗುರಿ ಕೈ ಬಿಡಿಸಿಕೊಳ್ಳಲಿಲ್ಲ. ಮಿಕ್ಕದ್ದನ್ನು ಕೇಳಬೇಕೆಂದು ಅಲ್ಲೇ ನಿಂತ.